ಪಿಕಪ್ಪಿನ ಅಯಸ್ಕಾಂತವೂ ತಂತಿಯ ಅನುರಣನವೂ: ಒಂದು ಪ್ರಚಲಿತ ಮತದ ವಿಮರ್ಶೆ

ವಿದ್ಯುತ್ ಗಿಟಾರನ್ನು ನುಡಿಸುವವರಲ್ಲಿಯೂ ಅದನ್ನು ದುರಸ್ತಿ ಮಾಡುವವರಲ್ಲಿಯೂ ಒಂದು ಮತವು ಬಹುಕಾಲದಿಂದ ಪ್ರಚಾರದಲ್ಲಿದೆ. ತಂತಿಗಳ ಕೆಳಗೆ ಹುದುಗಿಸಿರುವ ಪಿಕಪ್ಪಿನ ಅಯಸ್ಕಾಂತವು ಉಕ್ಕಿನ ತಂತಿಯನ್ನು ತನ್ನೆಡೆಗೆ ಸೆಳೆಯುತ್ತದೆ. ಹಾಗೆ ಸೆಳೆದು ಹಿಡಿಯುವುದರಿಂದ ತಂತಿಯ ಕಂಪನವು ಕುಗ್ಗುತ್ತದೆ. ಆದಕಾರಣ ಮೀಟಿದ ಸ್ವರವು ನಿಲ್ಲಬೇಕಾದಷ್ಟು ಹೊತ್ತು ನಿಲ್ಲದೆ ಅಳಿದುಹೋಗುತ್ತದೆ ಎಂಬುದೇ ಆ ಮತ. ಇದಕ್ಕೆ ಎದುರಾಗಿ, ಭೌತಶಾಸ್ತ್ರವನ್ನು ಓದಿದವರು ಕೆಲವರು ಇನ್ನೊಂದು ಮಾತನ್ನು ಹೇಳುವುದುಂಟು. ಚಲಿಸದೆ ನಿಂತಿರುವ ಅಯಸ್ಕಾಂತದ ಬಲವು ಶಕ್ತಿಯನ್ನು ನುಂಗಲಾರದು, ಆದ್ದರಿಂದ ಅನುರಣನಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಅವರ ತೀರ್ಮಾನ. ಮೊದಲನೆಯ ಮತದಲ್ಲಿ ಅನುಭವವು ಸರಿ, ಕಾರಣವು ತಪ್ಪು. ಎರಡನೆಯದರಲ್ಲಿ ಕಾರಣವು ಸರಿ, ತೀರ್ಮಾನವು ತಪ್ಪು ಎಂಬುದು ನಮ್ಮ ಅಭಿಪ್ರಾಯ. ಅದನ್ನು ಲೆಕ್ಕದ ಮೂಲಕ ತೋರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ನಾವು ಕೈಗೆತ್ತಿಕೊಳ್ಳಲು ಕಾರಣನಾದವನು ಒಬ್ಬ ವಿದ್ಯಾರ್ಥಿ. ಅವನ ಗಿಟಾರಿನ ಒಂದು ತಂತಿಯಲ್ಲಿ ಒಂದೇ ಒಂದು ಸ್ವರವು ಮೀಟಿದ ಕೂಡಲೇ ಸತ್ತುಹೋಗುತ್ತಿತ್ತು. ಅಯಸ್ಕಾಂತಗಳು ಬಲವಾದುವು, ಮೂರು ಪಿಕಪ್ಪುಗಳನ್ನೂ ಬದಲಾಯಿಸಬೇಕೆಂದು ಅವನಿಗೆ ಯಾರೋ ಸಲಹೆಯಿತ್ತಿದ್ದರು. ಆ ವೆಚ್ಚವಾದರೋ ಅವನ ವಾದ್ಯದ ಬೆಲೆಯ ಅರ್ಧಕ್ಕೆ ಸಮೀಪವಾಗಿದ್ದಿತು. ಅವನ ಪ್ರಶ್ನೆಗೆ ಲೇಖನದ ಕೊನೆಯಲ್ಲಿ ಉತ್ತರ ಹೇಳುತ್ತೇವೆ.

ಮೊದಲು ಪರಿಭಾಷೆಯ ವಿಚಾರ. ಗಿಟಾರಿನ ಅಂಗಗಳಿಗೆ ನಾವು ವೀಣೆಯ ಹೆಸರುಗಳನ್ನೇ ಬಳಸಿದ್ದೇವೆ. ದಂಡಿ, ಕುದುರೆ, ಮೆಟ್ಟು ಎಂಬ ಮಾತುಗಳು ನಮ್ಮಲ್ಲಿರುವಾಗ ಬೇರೆ ಹೆಸರುಗಳನ್ನು ಹುಡುಕಿ ಹೊರಡುವ ಅಗತ್ಯ ಕಾಣಲಿಲ್ಲ. ಮೀಟಿದ ಮೇಲೆ ಉಳಿದು ನಿಲ್ಲುವ ನಾದವನ್ನು ‘ಅನುರಣನ’ ಎಂದಿದ್ದೇವೆ. ಈ ಮಾತಿಗೆ ನಮ್ಮ ಸಂಗೀತಶಾಸ್ತ್ರದಲ್ಲಿ ಒಳ್ಳೆಯ ಆಧಾರವಿದೆ. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸ್ವರದ ಲಕ್ಷಣವನ್ನು ಹೇಳುವಾಗ ಅನುರಣನವನ್ನೇ ಅದರ ತಿರುಳಾಗಿ ಇಟ್ಟಿದ್ದಾನೆ. ಆದರೆ ಈ ಒಂದೇ ಮಾತಿನಲ್ಲಿ ಎರಡು ಸಂಗತಿಗಳು ಅಡಗಿವೆ. ತಂತಿಯಲ್ಲಿರುವ ಶಕ್ತಿಯು ಕಾಲಕ್ರಮದಲ್ಲಿ ಕರಗುವುದು ಒಂದು. ಕಿವಿಗೆ ಕೇಳಿಸುವ ನಾದವು ನಿಲ್ಲುವುದು ಇನ್ನೊಂದು. ಮೊದಲನೆಯದನ್ನು ‘ಕಂಪನಕ್ಷಯ’ವೆಂದು ಬೇರೆಯಾಗಿ ಕರೆಯೋಣ. ಇವೆರಡೂ ಒಂದೇ ಎಂದು ಎಣಿಸಿದುದರಿಂದಲೇ ಮೇಲಿನ ವಿವಾದ ಹುಟ್ಟಿದೆ.

ಪಿಕಪ್ಪಿನ ಚರಿತ್ರೆಯನ್ನು ಸಂಗ್ರಹವಾಗಿ ನೆನೆದರೆ ಸಾಕು. ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಶಾಂಪ್ 1931ರಲ್ಲಿ ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದ ಪಿಕಪ್ಪಿನಲ್ಲಿ ಲಾಳದ ಆಕಾರದ ಎರಡು ಅಯಸ್ಕಾಂತಗಳಿದ್ದು, ತಂತಿಗಳು ಅವುಗಳ ಕಮಾನಿನೊಳಗೆ ಹಾದುಹೋಗುತ್ತಿದ್ದುವು. ಮುಂದೆ ಅಯಸ್ಕಾಂತವು ತಂತಿಯ ಕೆಳಕ್ಕೆ ಇಳಿಯಿತು. 1954ರಲ್ಲಿ ಹೊರಬಂದ ಫೆಂಡರ್ ಸ್ಟ್ರಾಟೋಕ್ಯಾಸ್ಟರಿನಲ್ಲಿ ಮೂರು ಪಿಕಪ್ಪುಗಳಿದ್ದು, ಒಂದೊಂದರಲ್ಲಿಯೂ ಆರು ಆಲ್ನಿಕೋ ಸರಳುಗಳು ತಂತಿಗಳಿಗೆ ಮೊಗಮಾಡಿ ನಿಂತಿವೆ. ಎಂದರೆ ಪ್ರತಿಯೊಂದು ತಂತಿಯನ್ನೂ ಮೂರು ಅಯಸ್ಕಾಂತಗಳು ಮೂರು ಕಡೆಗಳಲ್ಲಿ ಸೆಳೆಯುತ್ತಿರುತ್ತವೆ. ಗಿಬ್ಸನ್ ಸಂಸ್ಥೆಯಲ್ಲಿದ್ದ ಸೆತ್ ಲವರ್ 1955ರಲ್ಲಿ ಅರ್ಜಿಯಿಟ್ಟು 1959ರಲ್ಲಿ ಪೇಟೆಂಟ್ ಪಡೆದ ಜೋಡಿಸುರುಳಿಯ ಪಿಕಪ್ಪಿನಲ್ಲಿ ಅಯಸ್ಕಾಂತವು ಸುರುಳಿಗಳ ಅಡಿಯಲ್ಲಿ ಅಡ್ಡಲಾಗಿ ಮಲಗಿದ್ದು, ಉಕ್ಕಿನ ತಿರುಪು ಮತ್ತು ತುಂಡುಗಳು ಮಾತ್ರ ತಂತಿಯವರೆಗೆ ಕಾಂತಕ್ಷೇತ್ರವನ್ನು ಒಯ್ಯುತ್ತವೆ. ಆದ್ದರಿಂದ ತಂತಿಯಿರುವೆಡೆಯಲ್ಲಿ ಕ್ಷೇತ್ರವು ದುರ್ಬಲ. ನಾವು ವಿಮರ್ಶಿಸುತ್ತಿರುವ ದೂರು ಸ್ಟ್ರಾಟೋಕ್ಯಾಸ್ಟರಿನ ಜಾತಿಯ ವಾದ್ಯಗಳಿಗೇ ಹೆಚ್ಚಾಗಿ ಅಂಟಿಕೊಂಡು ಬಂದಿರುವುದು ಆಕಸ್ಮಿಕವಲ್ಲ.

ಈಗ ಸೆಳೆತದ ವಿಚಾರಕ್ಕೆ ಬರೋಣ. ಸೆಳೆಯುವುದು ಬೇರೆ, ತಡೆಯುವುದು ಬೇರೆ. ಭೂಮಿಯು ಉಯ್ಯಾಲೆಯನ್ನು ಸದಾ ಕೆಳಕ್ಕೆ ಸೆಳೆಯುತ್ತಲೇ ಇದೆ. ಆ ಸೆಳೆತದ ದೆಸೆಯಿಂದ ಉಯ್ಯಾಲೆ ನಿಂತಿತೆಂದು ಯಾರೂ ಹೇಳರು. ಗಾಳಿಯೂ ಕೊಂಡಿಯ ಘರ್ಷಣೆಯೂ ಅದನ್ನು ನಿಲ್ಲಿಸುತ್ತವೆ. ಅಂತೆಯೇ ತಂತಿಯು ಅಯಸ್ಕಾಂತದತ್ತ ಬರುವಾಗ ಅದು ಕೊಟ್ಟ ಶಕ್ತಿಯನ್ನು ದೂರ ಸರಿಯುವಾಗ ಅಷ್ಟೇ ಪ್ರಮಾಣದಲ್ಲಿ ಮರಳಿ ಪಡೆಯುತ್ತದೆ. ಒಂದು ಸುತ್ತಿನ ಕೊನೆಗೆ ಜಮೆಯೂ ಇಲ್ಲ, ಖರ್ಚೂ ಇಲ್ಲ. ಕಾಂತಬಲದಿಂದ ತಂತಿಗೆ ಶಕ್ತಿಯನ್ನು ತುಂಬಲು ಸಾಧ್ಯವೆಂಬುದನ್ನು 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಇ-ಬೋ ಎಂಬ ಸಾಧನವು ತೋರಿಸಿಕೊಟ್ಟಿದೆ. ಆದರೆ ಅದು ತಂತಿಯ ಚಲನೆಯನ್ನು ಗ್ರಹಿಸಿ, ಆ ಚಲನೆಗೆ ಹೊಂದುವ ಕ್ಷಣದಲ್ಲಿಯೇ ನೂಕುತ್ತದೆ. ಸುಮ್ಮನೆ ನಿಂತ ಅಯಸ್ಕಾಂತಕ್ಕೆ ಅಂಥ ಕಾಲಜ್ಞಾನವಿಲ್ಲ. ಇಷ್ಟರ ಮಟ್ಟಿಗೆ ಎರಡನೆಯ ಪಕ್ಷದವರ ವಾದ ನಿರಾಕ್ಷೇಪವಾದುದು.

ಹಾಗಾದರೆ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತಿನ ಗತಿಯೇನು? ಅದು ತಂತಿಯ ಶಕ್ತಿಯಿಂದಲೇ ಹುಟ್ಟಿದುದಲ್ಲವೆ? ಈ ಪ್ರಶ್ನೆ ನ್ಯಾಯವಾದುದೇ. ಲೆನ್ಝನ ನಿಯಮದಂತೆ ಆ ವಿದ್ಯುತ್ಪ್ರವಾಹವು ತಂತಿಯ ಚಲನೆಯನ್ನು ವಿರೋಧಿಸಲೇಬೇಕು. ಎಷ್ಟರಮಟ್ಟಿಗೆ ಎಂಬುದನ್ನು ಲೆಕ್ಕಹಾಕೋಣ. 64.8 ಸೆಂಟಿಮೀಟರ್ ಉದ್ದದ, ಕಾಲು ಮಿಲಿಮೀಟರ್ ದಪ್ಪದ ಅತಿ ತೆಳುವಾದ ತಂತಿಯನ್ನು ತೆಗೆದುಕೊಳ್ಳಬಹುದು. ಅದು ಸೆಕೆಂಡಿಗೆ ಸುಮಾರು 330 ಸಲ ಕಂಪಿಸಬೇಕಾದರೆ ಅದರ ಬಿಗಿತ ಸುಮಾರು 73 ನ್ಯೂಟನ್, ಎಂದರೆ ಏಳೂವರೆ ಕಿಲೋಗ್ರಾಂ ತೂಕಕ್ಕೆ ಸಮೀಪ. ಅದರ ನಡುಭಾಗವು ಅತ್ತಿತ್ತ ಒಂದೊಂದು ಮಿಲಿಮೀಟರ್ ತೂಗುತ್ತಿರುವಾಗ ಮೂಲಸ್ವರದಲ್ಲಿರುವ ಶಕ್ತಿ ಒಂದು ಜೂಲಿನ ಹತ್ತು ಸಾವಿರದಲ್ಲಿ 2.8 ಭಾಗ. ಪಿಕಪ್ಪು ಆಗ ಸುಮಾರು 0.1 ವೋಲ್ಟನ್ನು ಕೊಡುತ್ತದೆಂದಿಟ್ಟುಕೊಂಡರೆ, ನಿಯಂತ್ರಕವೂ ವರ್ಧಕವೂ ಸೇರಿ ಸುಮಾರು ಎರಡು ಲಕ್ಷ ಓಮುಗಳ ರೋಧವನ್ನು ಒಡ್ಡುವುದರಿಂದ, ವ್ಯಯವಾಗುವುದು ಒಂದು ವ್ಯಾಟಿನ ಎರಡು ಕೋಟಿಯಲ್ಲಿ ಒಂದು ಪಾಲು. ಈ ಒಂದು ದಾರಿಯಿಂದಲೇ ಶಕ್ತಿಯು ಮೊದಲಿನ ಮೂರನೆಯ ಒಂದು ಭಾಗಕ್ಕೆ ಸಮೀಪಿಸಬೇಕಾದರೆ ಒಂದೂವರೆ ಗಂಟೆ ಹಿಡಿಯುತ್ತದೆ! ಪಿಕಪ್ಪಿನ ಎರಡು ತುದಿಗಳನ್ನೂ ನೇರವಾಗಿ ಕೂಡಿಸಿಬಿಟ್ಟರೂ, ಸುರುಳಿಯ ರೋಧ ಆರು ಸಾವಿರ ಓಮ್, ಪ್ರೇರಕತೆ 2.3 ಹೆನ್ರಿ ಎಂದೆಣಿಸಿದರೆ, ನಾಲ್ಕೂವರೆ ನಿಮಿಷ ಬೇಕು. ನಿಜವಾದ ತಂತಿಯ ಕಂಪನವೋ ಕೆಲವು ಸೆಕೆಂಡುಗಳಲ್ಲಿಯೇ ಕ್ಷಯಿಸುತ್ತದೆ. ವಿದ್ಯುತ್ತಿನ ಹೊರೆಯು ಈ ಮೊಕದ್ದಮೆಯಲ್ಲಿ ನಿರ್ದೋಷಿಯೆಂದು ಬಿಡುಗಡೆ ಮಾಡಬೇಕಾಗುತ್ತದೆ.

ಉಕ್ಕಿನ ಒಳಗೇ ಆಗುವ ನಷ್ಟಗಳು ಎರಡು. ತಂತಿಯು ಅಸಮವಾದ ಕ್ಷೇತ್ರದಲ್ಲಿ ಚಲಿಸುವಾಗ ಅದರೊಳಗೆ ಸುಳಿಪ್ರವಾಹಗಳು ಹುಟ್ಟುತ್ತವೆ. ಅದರ ಕಾಂತತ್ವವು ಏರಿಳಿಯುವಾಗ ಹಿಸ್ಟೆರಿಸಿಸ್ಸಿನ ಶಾಖವೂ ಹುಟ್ಟುತ್ತದೆ. ಇವು ನಿಜವಾದ ಖರ್ಚುಗಳೇ ಸರಿ. ಆದರೆ ಇವು ಧ್ರುವದ ನೇರಕ್ಕಿರುವ ಕೆಲವೇ ಮಿಲಿಮೀಟರ್ ತಂತಿಯಲ್ಲಿ ಮಾತ್ರ ನಡೆಯುತ್ತವೆ. ಅಲ್ಲದೆ, ಸಣ್ಣ ಏರಿಳಿತಗಳಲ್ಲಿ ಹಿಸ್ಟೆರಿಸಿಸ್ಸಿನ ನಷ್ಟವು ಏರಿಳಿತದ ಘನವನ್ನು ಅನುಸರಿಸುತ್ತದೆಂದು ರ‍್ಯಾಲೇ ಹಿಂದೆಯೇ ತೋರಿಸಿದ್ದಾನೆ; ತಂತಿಯ ಶಕ್ತಿಯಾದರೋ ವರ್ಗವನ್ನು ಅನುಸರಿಸುತ್ತದೆ. ಆದ್ದರಿಂದ ತೂಗಾಟ ಇಳಿದಂತೆಲ್ಲ ಈ ನಷ್ಟದ ಪಾಲು ಶಕ್ತಿಗಿಂತ ಬೇಗ ಇಳಿಯುತ್ತದೆ. ಬಲವಾಗಿ ಮೀಟಿದ ಮೊದಲ ಕ್ಷಣಗಳಲ್ಲಿ ಅದು ತನ್ನ ಕೈ ತೋರಿಸಬಹುದು. ವಾದಕನು ಕಾತರದಿಂದ ಕೇಳುವ ನಾದದ ಬಾಲಕ್ಕೆ ಅದರಿಂದ ಹಾನಿಯಾಗುವುದು ಅತ್ಯಲ್ಪ.

ಇಲ್ಲಿಯವರೆಗೆ ನಾವು ಹೇಳಿದುದನ್ನು ಕೇಳಿ ಎರಡನೆಯ ಪಕ್ಷದವರು ಗೆದ್ದೆವೆಂದುಕೊಂಡಾರು. ಆದರೆ ಅವರು ಒಂದು ಸಂಗತಿಯನ್ನು ಮರೆತಿದ್ದಾರೆ. ಶಕ್ತಿಯನ್ನು ಮುಟ್ಟದ ಬಲವು ಆವೃತ್ತಿಯನ್ನು ಮುಟ್ಟಬಲ್ಲದು. ತಂತಿಯು ಅಯಸ್ಕಾಂತಕ್ಕೆ ಹತ್ತಿರವಾದಷ್ಟೂ ಸೆಳೆತವು ಹೆಚ್ಚುತ್ತದೆ. ಬಿಗಿತವು ತಂತಿಯನ್ನು ಅದರ ಸ್ವಸ್ಥಾನಕ್ಕೆ ಮರಳಿಸಲು ಎಳೆಯುತ್ತಿದ್ದರೆ, ಅಯಸ್ಕಾಂತವು ಅದಕ್ಕೆ ವಿರುದ್ಧವಾಗಿ ಇನ್ನಷ್ಟು ದೂರ ಒಯ್ಯಲು ಎಳೆಯುತ್ತದೆ. ಪರಿಣಾಮವಾಗಿ ಮೇಲೆ ಕೆಳಗೆ ಆಡುವ ಕಂಪನದ ಆವೃತ್ತಿಯು ತಗ್ಗುತ್ತದೆ. ಈ ತಗ್ಗುವಿಕೆಯು ಎಲ್ಲ ಉಪಸ್ವರಗಳಿಗೂ ಸಮವಾಗಿ ಆಗುವುದಿಲ್ಲ ಎಂಬುದೇ ಪ್ರಕೃತ ವಿಚಾರದ ಮರ್ಮ. ಸಾಪೇಕ್ಷವಾದ ಇಳಿತವು ತಂತಿಯ ಉದ್ದಕ್ಕೆ ಅನುಲೋಮವಾಗಿಯೂ, ಬಿಗಿತಕ್ಕೂ ಉಪಸ್ವರದ ಕ್ರಮಾಂಕದ ವರ್ಗಕ್ಕೂ ವಿಲೋಮವಾಗಿಯೂ ಇರುತ್ತದೆ. ಜೊತೆಗೆ, ಅಯಸ್ಕಾಂತವಿರುವ ಸ್ಥಳದಲ್ಲಿ ಆ ಉಪಸ್ವರದ ತೂಗಾಟ ಎಷ್ಟೆಂಬುದರ ವರ್ಗವನ್ನೂ ಅವಲಂಬಿಸುತ್ತದೆ.

ಸ್ಟ್ರಾಟೋಕ್ಯಾಸ್ಟರಿನಲ್ಲಿ ದಂಡಿಯ ಕಡೆಯ ಪಿಕಪ್ಪು ಕುದುರೆಯಿಂದ ತಂತಿಯ ಕಾಲುಭಾಗದಷ್ಟು ದೂರದಲ್ಲಿದೆ. ತಂತಿ ಒಂದು ಮಿಲಿಮೀಟರ್ ಕೆಳಗಿಳಿದರೆ ಸೆಳೆತವು ನ್ಯೂಟನ್ನಿನ ಸಾವಿರದಲ್ಲಿ ಒಂದು ಭಾಗದಷ್ಟು ಹೆಚ್ಚುತ್ತದೆಂದು ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಳ್ಳೋಣ. ಮೇಲೆ ಹೇಳಿದ ತೆಳುತಂತಿಯಲ್ಲಿ ಮೂಲಸ್ವರವು ಹತ್ತು ಸಾವಿರದಲ್ಲಿ ನಾಲ್ಕೂವರೆ ಭಾಗ ತಗ್ಗುತ್ತದೆ, ಸೆಕೆಂಡಿಗೆ 0.15 ಕಂಪನದಷ್ಟು. ಇದನ್ನು ಯಾವ ಕಿವಿಯೂ ಗುರುತಿಸದು. ಆದರೆ ಮಂದ್ರದ ದಪ್ಪತಂತಿಯ ಸ್ಥಿತಿ ಬೇರೆ. ಅದರ ಬಿಗಿತ 78 ನ್ಯೂಟನ್, ಎಂದರೆ ತೆಳುತಂತಿಯದಕ್ಕಿಂತ ಬಹಳ ಹೆಚ್ಚಲ್ಲ; ಅದರಲ್ಲಿರುವ ಲೋಹವಾದರೋ ತೆಳುತಂತಿಯದರ 17 ಪಟ್ಟು. ಸೆಳೆತವು ಲೋಹದ ತೂಕಕ್ಕೆ ಸರಿಯಾಗಿ ಬೆಳೆಯದೆ ಹತ್ತುಪಟ್ಟು ಮಾತ್ರ ಬೆಳೆಯಿತೆಂದರೂ ಮೂಲಸ್ವರವು ಸೆಕೆಂಡಿಗೆ 0.35 ಕಂಪನ ತಗ್ಗುತ್ತದೆ. ಎರಡನೆಯ ಉಪಸ್ವರವೂ 0.35ರಷ್ಟೇ ತಗ್ಗುತ್ತದೆ, ಅದು ಮೂಲಸ್ವರದ ಎರಡರಷ್ಟಾಗಿ ಉಳಿಯಬೇಕಾಗಿದ್ದರೆ 0.70 ತಗ್ಗಬೇಕಾಗಿತ್ತು. ಹೀಗೆ ಒಂದೇ ತಂತಿಯ ಎರಡು ಸ್ವರಗಳ ನಡುವೆ ಸಂಬಂಧ ಕೆಡುತ್ತದೆ. ಎಲ್ಲ ತಂತಿಗಳಲ್ಲಿಯೂ ಇರುವ ಸ್ವಾಭಾವಿಕ ಪೆಡಸುತನವು ಉಪಸ್ವರಗಳನ್ನು ಮೇಲಕ್ಕೆ ಸರಿಸುವುದರಿಂದ ಈ ವಿರಸವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ.

ಇಷ್ಟಾದರೂ, ಬೇರೆ ಬೇರೆ ಸ್ಥಾನಗಳಲ್ಲಿರುವ ಎರಡು ಸ್ವರಗಳು ತಮ್ಮಷ್ಟಕ್ಕೆ ತಾವು ವಿಸ್ಪಂದಗಳನ್ನು ಉಂಟುಮಾಡಲಾರವು ಎಂದು ವಾಚಕರು ಆಕ್ಷೇಪಿಸಬಹುದು. ನಿಜ. ಆದರೆ ಪಿಕಪ್ಪು ಸತ್ಯಸಂಧನಾದ ವರದಿಗಾರನಲ್ಲ. ತಂತಿ ಹತ್ತಿರ ಬಂದಾಗ ಹೆಚ್ಚಾಗಿಯೂ ದೂರ ಹೋದಾಗ ಕಡಿಮೆಯಾಗಿಯೂ ಅದು ವರದಿ ಮಾಡುತ್ತದೆ. ಈ ಪಕ್ಷಪಾತದಿಂದ ಮೂಲಸ್ವರದ ಸರಿಯಾಗಿ ಎರಡರಷ್ಟು ಆವೃತ್ತಿಯುಳ್ಳ ಒಂದು ಕೃತಕ ಸ್ವರವು ಪಿಕಪ್ಪಿನಲ್ಲಿಯೇ ಹುಟ್ಟುತ್ತದೆ. ವರ್ಧಕವನ್ನು ಮಿತಿಮೀರಿ ಏರಿಸಿದಾಗ ಅಲ್ಲಿಯೂ ಅಂಥದೇ ಸ್ವರಗಳು ಹುಟ್ಟುತ್ತವೆ. ಈ ಕೃತಕಸ್ವರವೂ ತಂತಿಯ ನಿಜವಾದ ಎರಡನೆಯ ಉಪಸ್ವರವೂ 0.35 ಕಂಪನದ ಅಂತರದಲ್ಲಿ ಎದುರುಬದುರಾಗುತ್ತವೆ. ವಿಸ್ಪಂದದ ಒಂದು ಸುತ್ತಿಗೆ ಸುಮಾರು ಮೂರು ಸೆಕೆಂಡು. ಎರಡೂ ಒಟ್ಟಿಗೆ ಹೊರಟರೆ ಒಂದೂವರೆ ಸೆಕೆಂಡಿನಲ್ಲಿಯೇ ಪರಸ್ಪರ ಅಳಿಸಿಕೊಳ್ಳುವ ಹಂತವನ್ನು ತಲುಪುತ್ತವೆ. ನಾದವು ಆ ಹಂತದಲ್ಲಿ ಬಡವಾದಾಗ ವಾದಕನು ‘ಸ್ವರ ಸತ್ತಿತು’ ಎನ್ನುತ್ತಾನೆ. ಸತ್ತುದಲ್ಲ, ತಂತಿಯಲ್ಲಿ ಶಕ್ತಿ ಇದ್ದೇ ಇದೆ. ಆದರೆ ಮುಂದಿನ ಉಬ್ಬು ಬರುವ ವೇಳೆಗೆ ಅವನು ಬೇರೊಂದು ಸ್ವರಕ್ಕೆ ಹೋಗಿರುತ್ತಾನೆ.

ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ಹಿಡಿದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ಆಗ ತಂತಿಯ ಉದ್ದ ಅರ್ಧವಾಗಿ, ಅದೇ ಪಿಕಪ್ಪು ಸರಿಯಾಗಿ ನಡುವೆ ಬರುತ್ತದೆ. ಮೂಲಸ್ವರದ ತೂಗಾಟ ಅಲ್ಲಿಯೇ ಅತ್ಯಧಿಕ. ಎರಡನೆಯ ಉಪಸ್ವರಕ್ಕೆ ಅದು ನಿಶ್ಚಲವಾದ ಗಂಟು. ಒಂದು ತಗ್ಗುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ಮೇಲಿನ ಅಂಕಿಗಳಿಂದಲೇ ಲೆಕ್ಕಹಾಕಿದರೆ ಅಂತರವು ನಾಲ್ಕುಪಟ್ಟಾಗಿ ಸೆಕೆಂಡಿಗೆ 1.4ರಷ್ಟಾಗುತ್ತದೆ. ಒತ್ತಿದ ತಂತಿಯು ಅಯಸ್ಕಾಂತಕ್ಕೆ ಇನ್ನಷ್ಟು ಸಮೀಪಿಸುವುದರಿಂದ ಅದು ಅದಕ್ಕೂ ಮೀರಬಹುದು. ದಪ್ಪತಂತಿಯ ಮೇಲಿನ ಮೆಟ್ಟುಗಳಲ್ಲಿಯೇ ಈ ದೂರು ಏಕೆ ಹೆಚ್ಚೆಂಬುದಕ್ಕೆ ಇದೇ ಸಮಾಧಾನ. ಕುದುರೆಯಿಂದ ಸುಮಾರು ನಾಲ್ಕು ಸೆಂಟಿಮೀಟರ್ ದೂರದಲ್ಲಿರುವ ಪಿಕಪ್ಪನ್ನಾದರೋ ನಿರ್ಭಯವಾಗಿ ತಂತಿಗೆ ಹತ್ತಿರ ಏರಿಸಬಹುದು. ತೆರೆದ ತಂತಿಯ ಮೂಲಸ್ವರದ ಮೇಲೆ ಅದರ ಪ್ರಭಾವವು ದಂಡಿಯ ಕಡೆಯದರ ಹದಿಮೂರನೆಯ ಒಂದು ಪಾಲು ಮಾತ್ರ.

ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ಗಿಟಾರಿನ ಸ್ವಿಚ್ಚು ಸುರುಳಿಯನ್ನು ಬಿಡಿಸುತ್ತದೆಯೇ ಹೊರತು ಅಯಸ್ಕಾಂತವನ್ನಲ್ಲ. ಕುದುರೆಯ ಕಡೆಯ ಪಿಕಪ್ಪೊಂದನ್ನೇ ಆರಿಸಿ ನುಡಿಸುವಾಗಲೂ ದಂಡಿಯ ಕಡೆಯ ಅಯಸ್ಕಾಂತವು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಬಳಕೆಯಲ್ಲಿಲ್ಲದ ಪಿಕಪ್ಪನ್ನು ತಗ್ಗಿಸಿದಾಗ ನಾದವು ತಿಳಿಯಾದುದನ್ನು ಕಂಡ ವಾದಕರು ಅನೇಕರಿದ್ದಾರೆ. ಅವರ ಕಿವಿಯನ್ನು ಅಲ್ಲಗಳೆದ ಭೌತಶಾಸ್ತ್ರಜ್ಞರು ತಮ್ಮ ಶಾಸ್ತ್ರವನ್ನು ಅರ್ಧಕ್ಕೇ ನಿಲ್ಲಿಸಿದವರು.

ಆದರೆ ವಾದಕರು ಮಾಡುವ ಪರೀಕ್ಷೆಗಳನ್ನೂ ನಾವು ಒಪ್ಪಲಾರೆವು. ಪಿಕಪ್ಪನ್ನು ಒಮ್ಮೆ ಏರಿಸಿ, ಒಮ್ಮೆ ಇಳಿಸಿ, ಅದೇ ಪಿಕಪ್ಪಿನ ಸಂಕೇತವನ್ನು ಮುದ್ರಿಸಿಕೊಂಡು, ಇಳಿಸಿದಾಗ ಅನುರಣನ ಹೆಚ್ಚಾಯಿತೆಂದು ಸಾರುವುದುಂಟು. ಇದು ಆರೋಪಿಯನ್ನೇ ಸಾಕ್ಷಿಯನ್ನಾಗಿ ಕರೆದಂತಾಯಿತು. ಏರಿಸಿದ ಪಿಕಪ್ಪು ಮೊದಲ ಏಟನ್ನು ಉತ್ಪ್ರೇಕ್ಷಿಸಿ ಹೇಳುತ್ತದೆ. ಶಿಖರವನ್ನು ಎತ್ತರ ಮಾಡಿದರೆ ಇಳಿಜಾರು ತಾನಾಗಿಯೇ ಕಡಿದಾಗಿ ತೋರುತ್ತದೆ. ತಂತಿಯ ಚಲನೆಯನ್ನು ಬೆಳಕಿನ ಕಿರಣದಿಂದ ಬೇರೆಯಾಗಿ ಅಳೆದು, ಮೇಲೆ ಕೆಳಗಿನ ಚಲನೆಯನ್ನೂ ಅಡ್ಡಚಲನೆಯನ್ನೂ ಪ್ರತ್ಯೇಕವಾಗಿ ಗುರುತಿಸಿದರೆ ಮಾತ್ರ ಕಂಪನಕ್ಷಯದ ಮಾತಾಡಲು ಅಧಿಕಾರ ಬರುತ್ತದೆ.

ಈ ಕ್ಷೇತ್ರದ ಸಾಹಿತ್ಯದಲ್ಲಿ ಮೂರು ಕೃತಿಗಳನ್ನು ಹೆಸರಿಸಬೇಕು. ಹಾರ್ಟನ್ ಮತ್ತು ಮೂರ್ 2009ರಲ್ಲಿ ಅಮೆರಿಕದ ಭೌತಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ತಂತಿಯ ಚಲನೆ ವೋಲ್ಟೇಜಾಗುವ ಬಗೆಯನ್ನು ತರಗತಿಯಲ್ಲಿ ಬೋಧಿಸಲು ತಕ್ಕಂತೆ ನಿರೂಪಿಸುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಅದು ಒಳ್ಳೆಯ ಪ್ರವೇಶ. ಜರ್ಮನಿಯ ರೇಗನ್ಸ್‌ಬುರ್ಗಿನ ಮ್ಯಾನ್‌ಫ್ರೆಡ್ ಟ್ಸೋಲ್ನರನ ವಿದ್ಯುತ್ ಗಿಟಾರಿನ ಭೌತಶಾಸ್ತ್ರವು ಬೃಹದ್ಗ್ರಂಥ. ಅದರ ವಿಸ್ತಾರವೇ ಓದುಗನನ್ನು ಹೆದರಿಸುವಂತಿದ್ದರೂ, ಪ್ರಚಲಿತ ನಂಬಿಕೆಗಳನ್ನು ಒರೆಗೆ ಹಚ್ಚುವ ಅದರ ಧೈರ್ಯವನ್ನು ಮೆಚ್ಚಲೇಬೇಕು. ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾದುದು ಫ್ಲೈಶರ್ ಮತ್ತು ಟ್ಸ್ವಿಕರ್ 1998ರಲ್ಲಿ ಪ್ರಕಟಿಸಿದ ಸಂಶೋಧನೆ. ಗಿಟಾರಿನ ಕೆಲವು ಮೆಟ್ಟುಗಳಲ್ಲಿ ಸ್ವರವು ಅಕಾಲದಲ್ಲಿ ಅಳಿಯುವುದಕ್ಕೆ ದಂಡಿಯ ಸ್ವಂತ ಕಂಪನವೇ ಕಾರಣವೆಂದು ಅವರು ಅಳತೆಯಿಂದ ತೋರಿಸಿದರು. ಆ ಮೆಟ್ಟಿನೆಡೆಯಲ್ಲಿ, ಆ ಸ್ವರದ ಆವೃತ್ತಿಗೆ, ದಂಡಿಯು ಬಳುಕಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಇದು ನಿಜವಾದ ಕಂಪನಕ್ಷಯ. ಅಯಸ್ಕಾಂತವು ಇಲ್ಲಿ ಪಕ್ಷಗಾರನೇ ಅಲ್ಲ.

ಪಿಕಪ್ಪಿನಿಂದಾಗುವ ವಿರಸಕ್ಕೆ ವಾದಕರು ‘ತೋಳಸ್ವರ’ವೆಂಬ ಹೆಸರನ್ನು ಬಳಸುವುದುಂಟು. ಅದು ಚೆಲ್ಲೋ ವಾದ್ಯದಿಂದ ಎರವಲು ತಂದ ಹೆಸರು. ಚೆಲ್ಲೋವಿನ ತೋಳಸ್ವರವನ್ನು ಸಿ. ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ 1916ರಲ್ಲಿಯೇ ಪರಿಶೀಲಿಸಿದ್ದರು; ಅಲ್ಲಿ ವಾದ್ಯದ ಒಡಲು ತಂತಿಯ ಶಕ್ತಿಯನ್ನು ಸೆಳೆದುಕೊಳ್ಳುವುದೇ ಮುಖ್ಯ. ಹಾಗೆ ನೋಡಿದರೆ ಆ ಹೆಸರು ದಂಡಿಯ ದೋಷಕ್ಕೆ ಹತ್ತಿರವಾದುದು, ಪಿಕಪ್ಪಿನದಕ್ಕಲ್ಲ. ಹೆಸರು ತಪ್ಪಿದೆಡೆಯಲ್ಲಿ ಚಿಕಿತ್ಸೆಯೂ ತಪ್ಪುವುದು ಸಹಜವೇ.

ನಮ್ಮ ವಿದ್ಯಾರ್ಥಿಯ ಗಿಟಾರಿನಲ್ಲಿ ದೋಷವಿದ್ದುದು ಒಂದೇ ಮೆಟ್ಟಿನಲ್ಲಿ. ಪಿಕಪ್ಪುಗಳನ್ನು ತಿರುಪಿನಿಂದ ಪೂರ್ತಿಯಾಗಿ ಕೆಳಗಿಳಿಸಿದರೂ ಸ್ವರವು ಮೊದಲಿನಂತೆಯೇ ಸಾಯುತ್ತಿತ್ತು; ದಂಡಿಯ ತಲೆಗೆ ಒಂದು ಸಣ್ಣ ಹಿಡಿಕೆಯ ತೂಕವನ್ನು ಬಿಗಿದಾಗ ದೋಷವು ಪಕ್ಕದ ಮೆಟ್ಟಿಗೆ ಸರಿಯಿತು. ಅವನು ಪಿಕಪ್ಪುಗಳನ್ನು ಬದಲಾಯಿಸಲಿಲ್ಲ.

ವೀಣೆಗೆ ಪಿಕಪ್ಪನ್ನು ಜೋಡಿಸಬಯಸುವವರು ಕೇಳಬಹುದಾದ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಮೇಲಿನ ಲೆಕ್ಕವೆಲ್ಲ ಉಕ್ಕಿನ ತಂತಿಗಳಿಗೆ ಸಲ್ಲುತ್ತದೆ. ಹಿತ್ತಾಳೆಯ ತಂತಿಯನ್ನು ಅಯಸ್ಕಾಂತವು ಸೆಳೆಯದು, ಅದರ ಸ್ವರವನ್ನು ಕೆಡಿಸದು; ಆದರೆ ಅಂಥ ತಂತಿಯ ನಾದವು ಆ ಪಿಕಪ್ಪಿಗೆ ಬಹುಮಟ್ಟಿಗೆ ಕೇಳಿಸುವುದೂ ಇಲ್ಲ. ಉಕ್ಕಿನ ಸಾರಣಿಯಲ್ಲಿ ಗಮಕಕ್ಕಾಗಿ ತಂತಿಯನ್ನು ಪಕ್ಕಕ್ಕೆ ಎಳೆಯುವಾಗ ಅದು ಧ್ರುವದ ನೇರದಿಂದ ಜರುಗುವುದರಿಂದ, ಸೆಳೆತವೂ ಸಂಕೇತವೂ ಎಳೆತದೊಡನೆ ಬದಲಾಗುತ್ತವೆ. ಅಲ್ಲಿ ತಂತಿಗೊಂದು ಸರಳಿನ ಬದಲು ಅಗಲವಾದ ಪಟ್ಟಿಯಂಥ ಧ್ರುವವನ್ನು ಕುದುರೆಯ ಸಮೀಪದಲ್ಲಿ ಇಡುವುದು ಯುಕ್ತ.